ಬಾವಿ, ನಲ್ಲಿ, ಶೌಚಗುಂಡಿ: ಹಿರಿಯ ಜಲ ಎಂಜಿನಿಯರರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ನಗರ ನೀರು ಪೂರೈಕೆ ಮತ್ತು ಕೊಳಚೆ ನೀರಿನ ಶುದ್ಧೀಕರಣದ ಕ್ಷೇತ್ರದಲ್ಲಿ ಹಿರಿಯ ಎಂಜಿನಿಯರ್ ಆಗಿರುವ ನಮ್ಮ ಗುಂಪಿನ ಸದಸ್ಯೆಯೊಬ್ಬರು ಈ ವಾರ ನಿಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಅವರು ಕಾಸರಗೋಡಿನವರೇ. ದೂರುಗಳನ್ನು ದಯವಿಟ್ಟು ಸಂಬಂಧಪಟ್ಟ ಕಚೇರಿಗೆ ಸಲ್ಲಿಸಿ. ಇಲ್ಲಿ ತಿಳಿದುಕೊಳ್ಳುವುದಕ್ಕಾಗಿ ಕೇಳಿ.

ಪ್ರಶ್ನೆ (ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ಪೆರ್ಲ): ನಮಸ್ಕಾರ ಮೇಡಂ. ನನಗೆ ನೀರು ಪೂರೈಕೆಯ ಕೆಲಸಕ್ಕೆ ಸೇರುವ ಆಸೆಯಿದೆ. ಆದರೆ ಅಲ್ಲಿ ವಿನ್ಯಾಸದ ಕೆಲಸ ಕಡಿಮೆ, ಪೈಪು ಒಡೆದಲ್ಲಿಗೆ ಓಡುವುದೇ ಹೆಚ್ಚು ಎಂದು ಸೀನಿಯರುಗಳು ಹೇಳುತ್ತಾರೆ. ಹಿರಿಯ ಹುದ್ದೆಯಲ್ಲಿರುವವರು ನಿಜವಾಗಿ ಮಾಡುವ ಕೆಲಸವೇನು?

ಉತ್ತರ: ನಿಮ್ಮ ಸೀನಿಯರುಗಳು ಹೇಳಿದ್ದರಲ್ಲಿ ಸತ್ಯವಿದೆ, ಆದರೆ ಅಷ್ಟೇ ಅಲ್ಲ. ಕೇರಳ ಜಲ ಪ್ರಾಧಿಕಾರದಲ್ಲಿ ಸಹಾಯಕ ಎಂಜಿನಿಯರ್ ಹುದ್ದೆಗೆ ಸೇರಿದವರು ಸಹಾಯಕ ಕಾರ್ಯನಿರ್ವಾಹಕ, ಕಾರ್ಯನಿರ್ವಾಹಕ, ಅಧೀಕ್ಷಕ ಎಂಜಿನಿಯರ್ ಎಂದು ಮೇಲೇರುತ್ತಾರೆ. ಮೇಲೇರಿದಂತೆ ನೋಡಬೇಕಾದ ಪೈಪಿನ ಉದ್ದವೂ ಹೆಚ್ಚುತ್ತದೆ, ಹೊರಬೇಕಾದ ಹೊಣೆಯೂ ಹೆಚ್ಚುತ್ತದೆ. ನದಿಯ ಹರಿವು ಇಳಿದಾಗ ಯಾವ ವಲಯಕ್ಕೆ ಎಷ್ಟು ಗಂಟೆ ನೀರು ಬಿಡಬೇಕು, ಯಾವ ಹಳೆಯ ಕೊಳವೆಯನ್ನು ಈ ವರ್ಷ ಬದಲಿಸಬೇಕು, ಯಾವುದನ್ನು ಇನ್ನೊಂದು ಮಳೆಗಾಲ ಸಹಿಸಬಹುದು ಎಂಬ ತೀರ್ಮಾನಗಳೇ ಹಿರಿಯರ ಕೆಲಸದ ಬಹುಪಾಲು.

ಸೋರಿಕೆಯನ್ನು ಹುಡುಕುವುದು ಇದಕ್ಕೆ ಒಳ್ಳೆಯ ಉದಾಹರಣೆ. ರಾತ್ರಿ ಎರಡರಿಂದ ನಾಲ್ಕು ಗಂಟೆಯೊಳಗೆ ಊರು ಮಲಗಿರುತ್ತದೆ, ಮನೆಗಳ ಟ್ಯಾಂಕುಗಳು ತುಂಬಿರುತ್ತವೆ; ಆಗಲೂ ವಲಯದ ಮುಖ್ಯ ಮೀಟರ್ ಓಡುತ್ತಿದ್ದರೆ ಆ ನೀರು ಎಲ್ಲೋ ನೆಲಕ್ಕೆ ಇಳಿಯುತ್ತಿದೆ ಎಂದು ತಿಳಿಯಬೇಕು. ವಾಲ್ವುಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದರೆ ಸೋರಿಕೆ ಯಾವ ರಸ್ತೆಯಲ್ಲಿದೆ ಎಂಬುದು ಗೊತ್ತಾಗುತ್ತದೆ. ಆಮೇಲೆ ಕಬ್ಬಿಣದ ಸರಳಿನ ಒಂದು ತುದಿಯನ್ನು ವಾಲ್ವಿನ ತಲೆಗೆ ಊರಿ, ಇನ್ನೊಂದು ತುದಿಗೆ ಕಿವಿಯಿಟ್ಟು ಆಲಿಸಿದಾಗ, ಒಡಕಿನಿಂದ ಚಿಮ್ಮುವ ನೀರು ಸುಯ್ಯೆನ್ನುವುದು ಕೇಳಿಸುತ್ತದೆ. ಈಗ ಇದಕ್ಕೆ ಎಲೆಕ್ಟ್ರಾನಿಕ್ ಉಪಕರಣಗಳಿವೆ. ಆದರೂ ಅನುಭವವುಳ್ಳ ವಾಲ್ವ್‌ಮನ್ ಒಬ್ಬರ ಕಿವಿಯನ್ನು ನಾನು ಈಗಲೂ ನಂಬುತ್ತೇನೆ. ನೀವು ಕೆಲಸಕ್ಕೆ ಸೇರಿದರೆ ಮೊದಲ ವರ್ಷ ಅಂಥವರ ಜೊತೆ ನಡೆಯಿರಿ, ಏಕೆಂದರೆ ನಕ್ಷೆಯಲ್ಲಿಲ್ಲದ ಎಷ್ಟೋ ಕೊಳವೆಗಳು ಅವರ ನೆನಪಿನಲ್ಲಿ ಮಾತ್ರ ಇರುತ್ತವೆ.

ಇನ್ನೊಂದು ವಿಷಯವನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಒಳಚರಂಡಿ ಜಾಲವಿರುವ ನಗರಕ್ಕೆ ತಲಾ 135 ಲೀಟರ್ ನೀರು ಎಂಬುದು ವಿನ್ಯಾಸದ ಸಾಮಾನ್ಯ ಲೆಕ್ಕ, ಅದರಲ್ಲಿ ಸುಮಾರು ಶೇಕಡಾ 80 ಭಾಗ ಕೊಳಚೆಯಾಗಿ ಹಿಂದಿರುಗುತ್ತದೆ. ಹಾಗಾಗಿ 50,000 ಜನರ ಊರಿಗೆ ದಿನಕ್ಕೆ 67.5 ಲಕ್ಷ ಲೀಟರ್ ನೀರು ಕೊಟ್ಟವರು 54 ಲಕ್ಷ ಲೀಟರ್ ಕೊಳಚೆಗೂ ದಾರಿ ತೋರಿಸಬೇಕಾಗುತ್ತದೆ. ತಿರುವನಂತಪುರದ ಮುಟ್ಟತ್ತರದಲ್ಲಿ ದಿನಕ್ಕೆ 107 ದಶಲಕ್ಷ ಲೀಟರ್ ಸಾಮರ್ಥ್ಯದ ಶುದ್ಧೀಕರಣ ಘಟಕವಿದೆ. ನಮ್ಮ ಕಡೆ ಕೊಳಚೆಯ ಬಹುಪಾಲು ಮನೆಯಂಗಳದ ಗುಂಡಿಗೆ ಹೋಗುತ್ತದೆ, ಅದೇ ಅಂಗಳದಲ್ಲಿ ಬಾವಿಯೂ ಇರುತ್ತದೆ. ಕುಡಿಯುವ ನೀರು ಒಂದು ವಿಭಾಗ, ಕೊಳಚೆ ನೀರು ಇನ್ನೊಂದು ವಿಭಾಗ ಎಂದು ಕಾಲೇಜಿನಲ್ಲಿ ಬೇರೆ ಬೇರೆಯಾಗಿ ಕಲಿಸುತ್ತಾರೆ. ಕಾಸರಗೋಡಿನ ಮಣ್ಣಿನಲ್ಲಿ ಅವೆರಡೂ ಒಂದೇ ಕೆಲಸ. ಆದ್ದರಿಂದ ದ್ರವಚಲನಶಾಸ್ತ್ರದಷ್ಟೇ ಆಸಕ್ತಿಯಿಂದ ಸೂಕ್ಷ್ಮಜೀವಶಾಸ್ತ್ರವನ್ನೂ ರಸಾಯನಶಾಸ್ತ್ರವನ್ನೂ ಓದಿ. ಮಲಯಾಳದಲ್ಲಿ ಕಡತ ಬರೆಯುವಷ್ಟು ಹಿಡಿತವನ್ನೂ ಸಂಪಾದಿಸಿಕೊಳ್ಳಿ. ದೂರು ತರುವವರು ಕನ್ನಡ, ತುಳು, ಮಲಯಾಳ ಮೂರರಲ್ಲೂ ಮಾತನಾಡುತ್ತಾರೆ.

ಪ್ರಶ್ನೆ (ಗೃಹಿಣಿ, ನೆಲ್ಲಿಕುಂಜೆ): ಕಡು ಬೇಸಗೆಯಲ್ಲಿ ನಮ್ಮ ಬಾವಿಯ ನೀರು ಉಪ್ಪಾಗುತ್ತದೆ. ಹಿಂದೆಲ್ಲ ನಲ್ಲಿಯ ನೀರೂ ಉಪ್ಪಾಗುತ್ತಿತ್ತು. ಕುದಿಸಿದರೆ ಉಪ್ಪು ಹೋಗುತ್ತದೆಯೇ?

ಉತ್ತರ: ಹೋಗುವುದಿಲ್ಲ. ಕುದಿಸಿದಾಗ ಆವಿಯಾಗಿ ಹೋಗುವುದು ನೀರು ಮಾತ್ರ. ಉಪ್ಪು ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಾಢವಾಗುತ್ತದೆ. ಕ್ಲೋರಿನ್ ಹಾಕಿದರೂ ಪ್ರಯೋಜನವಿಲ್ಲ.

ನಲ್ಲಿಯ ನೀರಿನ ಕಾರಣ ಚಂದ್ರಗಿರಿ ಹೊಳೆಯಲ್ಲಿತ್ತು. ಬೇಸಗೆಯಲ್ಲಿ ಹೊಳೆಯ ಹರಿವು ಕುಗ್ಗಿದಾಗ, ಸಿಹಿನೀರಿಗಿಂತ ಭಾರವಾದ ಸಮುದ್ರದ ನೀರು ಭರತದ ಹೊತ್ತಿನಲ್ಲಿ ಹೊಳೆಯ ತಳದುದ್ದಕ್ಕೂ ಮೇಲಕ್ಕೆ ನುಗ್ಗಿ ಬಾವಿಕ್ಕೆರೆಯ ಪಂಪ್‌ಹೌಸಿನ ತನಕ ತಲುಪುತ್ತಿತ್ತು. ವರ್ಷ ವರ್ಷವೂ ಮರಳಿನ ಚೀಲಗಳನ್ನು ಪೇರಿಸಿ ತಾತ್ಕಾಲಿಕ ಕಟ್ಟ ಹಾಕಬೇಕಾಗುತ್ತಿತ್ತು. ಅಲ್ಲಿ ಶಾಶ್ವತ ರೆಗ್ಯುಲೇಟರ್ (ಬಾಗಿಲುಗಳಿರುವ ಕಟ್ಟ) ಆದ ಬಳಿಕ ಆ ಅವಲಂಬನೆ ತಪ್ಪಿದೆ.

ನಿಮ್ಮ ಬಾವಿಯ ವಿಷಯ ಬೇರೆ. ಕಡಲತೀರದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರ ಮಟ್ಟದಿಂದ ಮೇಲೆ ಸಿಹಿನೀರು ಒಂದು ಮೀಟರ್ ನಿಂತಿದ್ದರೆ ಕೆಳಗೆ ಸುಮಾರು 40 ಮೀಟರಿನಷ್ಟು ಸಿಹಿನೀರು ಇರುತ್ತದೆ ಎಂಬುದು ಸಿದ್ಧಾಂತದ ಲೆಕ್ಕ. ಅಂದರೆ ಮೇಲಿನ ಮಟ್ಟವನ್ನು ಪಂಪಿನಿಂದ ಸ್ವಲ್ಪವೇ ಇಳಿಸಿದರೂ ಕೆಳಗಿನ ಉಪ್ಪು ಹಲವು ಪಟ್ಟು ಮೇಲೇರುತ್ತದೆ. ಆದ್ದರಿಂದ ದೊಡ್ಡ ಪಂಪಿನಲ್ಲಿ ಒಂದೇ ಸಲಕ್ಕೆ ಟ್ಯಾಂಕ್ ತುಂಬಿಸಬೇಡಿ; ಸಣ್ಣ ಪಂಪಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಎತ್ತಿ. ಮಳೆಗಾಲದಲ್ಲಿ ಚಾವಣಿಯ ನೀರನ್ನು ಸೋಸಿ ಬಾವಿಗೆ ಬಿಡಿ. ಬಾವಿಯನ್ನು ಇನ್ನೂ ಆಳಗೊಳಿಸುವ ಆಲೋಚನೆಯಿದ್ದರೆ ಅದನ್ನು ಕೈಬಿಡಿ. ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1000ದ ತನಕ ಒಪ್ಪಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಪರೀಕ್ಷೆ ಮಾಡಿಸುವುದಾದರೆ ಮೇ ತಿಂಗಳಲ್ಲೇ ಮಾಡಿಸಿ.

ಪ್ರಶ್ನೆ (ವ್ಯಾಪಾರಿ, ವಿದ್ಯಾನಗರ): ನಮ್ಮಲ್ಲಿ ಎರಡು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಮೊದಲ ಐದು ನಿಮಿಷ ಕೆಂಪಾಗಿ ಬರುತ್ತದೆ, ಕೆಲವೊಮ್ಮೆ ಚರಂಡಿಯ ವಾಸನೆಯೂ ಇರುತ್ತದೆ. ಶುದ್ಧೀಕರಣ ಘಟಕದಲ್ಲಿ ಸರಿಯಾಗಿ ಶುದ್ಧಗೊಳಿಸುತ್ತಿಲ್ಲವೇ?

ಉತ್ತರ: ಘಟಕದಿಂದ ಹೊರಟ ನೀರು ಚೆನ್ನಾಗಿಯೇ ಇದ್ದು, ದಾರಿಯಲ್ಲಿ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು. ಕೊಳವೆಯಲ್ಲಿ ಒತ್ತಡ ಇರುವಷ್ಟು ಹೊತ್ತು ಒಡಕಿನಿಂದ ನೀರು ಹೊರಕ್ಕೆ ಹೋಗುತ್ತದೆಯೇ ಹೊರತು ಕೊಳೆ ಒಳಕ್ಕೆ ಬರುವುದಿಲ್ಲ. ಪಂಪು ನಿಂತು ಗುಡ್ಡೆಯ ಮೇಲಿನ ಕೊಳವೆಯ ನೀರು ತಗ್ಗಿಗೆ ಇಳಿಯತೊಡಗಿದಾಗ ಹಿಂದೆ ನಿರ್ವಾತ ಉಂಟಾಗುತ್ತದೆ. ಆಗ ಅದೇ ಒಡಕಿನಿಂದ ಸುತ್ತಲಿನ ಮಣ್ಣುನೀರು, ಚರಂಡಿಯ ನೀರು ಒಳಕ್ಕೆ ಎಳೆಯಲ್ಪಡುತ್ತದೆ. ನಮ್ಮ ನೆಲ ಸಮತಟ್ಟಾಗಿಲ್ಲ. ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂನಂತೆ ಒತ್ತಡ ಬದಲಾಗುತ್ತದೆ, ಆದ್ದರಿಂದ ಗುಡ್ಡೆಯ ತಲೆಯಲ್ಲಿರುವ ಮನೆಗೆ ನೀರು ಹತ್ತದಿರುವಾಗಲೇ ಬುಡದಲ್ಲಿರುವ ಕೊಳವೆ ಒತ್ತಡ ತಾಳಲಾರದೆ ಬಿರಿಯುವುದೂ ಉಂಟು.

ಇನ್ನು ವಾಸನೆಯ ಬಗ್ಗೆ. ರಸ್ತೆಯ ಮುಖ್ಯ ಕೊಳವೆಯಿಂದ ನಿಮ್ಮ ಮೀಟರಿನ ತನಕ ಬರುವ ಸಣ್ಣ ಪೈಪನ್ನು ಒಮ್ಮೆ ನೀವೇ ನೋಡಿ. ಅದು ಎಷ್ಟೋ ಕಡೆ ಚರಂಡಿಯನ್ನು ಅಡ್ಡಹಾಯುತ್ತದೆ. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಾದರೆ ಆ ಜಾಗದಲ್ಲೇ ತುಕ್ಕು ತಿಂದು ಸೂಜಿಮೊನೆಯಷ್ಟು ತೂತುಗಳಾಗಿರುತ್ತವೆ. ನಮ್ಮ ನೆಲದ ನೀರು ಆಮ್ಲೀಯವಾಗಿರುವುದರಿಂದ ತುಕ್ಕು ಬೇಗ ಹಿಡಿಯುತ್ತದೆ. ಆ ತುಂಡನ್ನು ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪಿಗೆ ಬದಲಿಸಿ, ಚರಂಡಿಯ ಮೇಲಿನಿಂದ ಹಾಯಿಸಲು ಅರ್ಜಿ ಕೊಡಿ. ಮೀಟರಿಗೆ ನೇರವಾಗಿ ಮೋಟಾರು ಜೋಡಿಸಿ ನೀರೆಳೆಯುವವರು ಇದ್ದರೆ ಅವರಿಗೂ ತಿಳಿಹೇಳಿ: ಅದು ಕಾನೂನಿಗೆ ವಿರುದ್ಧ ಮಾತ್ರವಲ್ಲ, ಇಡೀ ಬೀದಿಯ ಕೊಳೆಯನ್ನು ಕೊಳವೆಯೊಳಗೆ ಸೆಳೆಯುತ್ತದೆ. ಮೊದಲು ಬರುವ ನೀರನ್ನು ಗಿಡಗಳಿಗೆ ಬಿಟ್ಟು, ತಿಳಿಯಾದ ಮೇಲೆ ಟ್ಯಾಂಕಿಗೆ ತುಂಬಿಸಿ. ನಲ್ಲಿಯ ತುದಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಘಟಕದಲ್ಲಿ ಹಾಕಿದ ಕ್ಲೋರಿನ್ ನಿಮ್ಮಲ್ಲಿಗೆ ತಲುಪುವಾಗ ಶೂನ್ಯವಾಗಿದ್ದರೆ, ದಾರಿಯಲ್ಲಿ ಸೇರಿದ ಕೊಳೆ ಅದನ್ನು ತಿಂದುಹಾಕಿರಬಹುದು ಎಂಬುದಕ್ಕೆ ಅದು ಗಂಭೀರ ಸೂಚನೆ.

ಪ್ರಶ್ನೆ (ಅಧ್ಯಾಪಕ, ಬದಿಯಡ್ಕ): ನಮ್ಮ ಬಾವಿಯ ನೀರಿನಲ್ಲಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಇದೆಯೆಂದು ವರದಿ ಬಂದಿದೆ. ನೀರು ಕನ್ನಡಿಯಂತಿದೆ, ಶೌಚಗುಂಡಿಯೂ ನಿಯಮದಷ್ಟೇ ದೂರದಲ್ಲಿದೆ. ಇದು ಹೇಗೆ ಸಾಧ್ಯ?

ಉತ್ತರ: ಕೇರಳದ ಕಟ್ಟಡ ನಿಯಮದಲ್ಲಿ ಬಾವಿಗೂ ಗುಂಡಿಗೂ ನಡುವೆ 7.5 ಮೀಟರ್ ಅಂತರ ಹೇಳಿದೆ. ಮರಳು ಮಿಶ್ರಿತ ಮಣ್ಣು ಅಷ್ಟು ದೂರದಲ್ಲಿ ಬಹಳಷ್ಟನ್ನು ಸೋಸಬಲ್ಲದು. ನಮ್ಮ ನೆಲದ ಕೆಂಪು ಮುರಕಲ್ಲಿನ (ಲ್ಯಾಟರೈಟ್) ಸ್ವಭಾವ ಹಾಗಲ್ಲ. ಅದರೊಳಗೆ ಬೆರಳು ತೂರುವಷ್ಟು ರಂಧ್ರಗಳು, ಬಿರುಕುಗಳು, ಕೆಲವೆಡೆ ಮನುಷ್ಯ ನುಸುಳುವಷ್ಟು ಪೊಳ್ಳುಗಳೂ ಇರುತ್ತವೆ. ಗುಡ್ಡೆಯ ಬದಿಯಲ್ಲಿ ಸುರಂಗ ಕೊರೆದು ನೀರು ತಂದ ನಮ್ಮ ಹಿರಿಯರಿಗೆ ಕಲ್ಲಿನೊಳಗೆ ನೀರು ಹರಿದಾಡುವ ಬಗೆ ಚೆನ್ನಾಗಿ ತಿಳಿದಿತ್ತು. ಮಳೆಗಾಲದಲ್ಲಿ ನೀರಿನ ಮಟ್ಟ ಗುಂಡಿಯ ತಳದ ತನಕ ಏರಿದಾಗ ಕೊಳಚೆ ಸೋಸಿಕೊಳ್ಳದೆ ನೇರವಾಗಿ ಬಾವಿಯ ಕಡೆಗೆ ಹರಿಯುತ್ತದೆ. ಆದ್ದರಿಂದ ಅಂತರಕ್ಕಿಂತ ಇಳಿಜಾರನ್ನು ಮೊದಲು ನೋಡಿ: ಗುಂಡಿ ಬಾವಿಯ ಮೇಲ್ಬದಿಯಲ್ಲಿದ್ದರೆ, ಅದು ನಿಮ್ಮದಾಗಿರಲಿ ನೆರೆಮನೆಯವರದಾಗಿರಲಿ, 7.5 ಮೀಟರಿನ ಭರವಸೆ ಸಾಲದು. ತಳವಿಲ್ಲದ ಗುಂಡಿಯಾದರೆ ಅದನ್ನು ಮುಚ್ಚಿ, ತಳಕ್ಕೂ ಗೋಡೆಗೂ ಕಾಂಕ್ರೀಟ್ ಇರುವ ಎರಡು ಕೋಣೆಗಳ ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿ, ಟ್ಯಾಂಕಿನಿಂದ ಹೊರಬರುವ ನೀರನ್ನು ಬಾವಿಯ ತಗ್ಗಿನ ಬದಿಗೆ ಇಂಗಿಸಿ. ಇದಕ್ಕೆ ಹಣ ಬೇಕು ಎಂಬುದು ನನಗೆ ಗೊತ್ತು, ಆದರೂ ಬೇರೆ ಶಾಶ್ವತ ಪರಿಹಾರವಿಲ್ಲ.

ಅಲ್ಲಿಯ ತನಕ ಕ್ಲೋರಿನ್ ಹಾಕಿ, ಕುಡಿಯುವ ನೀರನ್ನು ಕುದಿಸಿ. ಬಾವಿಯ ವ್ಯಾಸ ಎರಡು ಮೀಟರ್, ನೀರಿನ ಆಳ ಮೂರು ಮೀಟರ್ ಇದ್ದರೆ ಅದರಲ್ಲಿ ಸುಮಾರು 9,400 ಲೀಟರ್ ನೀರಿರುತ್ತದೆ. ಸಾವಿರ ಲೀಟರಿಗೆ 2.5 ಗ್ರಾಂನಂತೆ ಸುಮಾರು 24 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಬೇಕು. ತೆರೆದಿಟ್ಟು ತೇವ ಹೀರಿದ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಪುಡಿಯನ್ನು ಪ್ಲಾಸ್ಟಿಕ್ ಬಾಲ್ದಿಯಲ್ಲಿ ಸ್ವಲ್ಪ ನೀರು ಬೆರೆಸಿ ದೋಸೆಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಮುಕ್ಕಾಲು ಬಾಲ್ದಿ ನೀರು ಸೇರಿಸಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಾಲ್ದಿಗೆ ಬಗ್ಗಿಸಿಕೊಂಡು, ಅದನ್ನು ಬಾವಿಯ ನೀರಿನೊಳಕ್ಕೆ ಇಳಿಸಿ, ಹಗ್ಗ ಹಿಡಿದು ಮೇಲೆ ಕೆಳಗೆ ಚೆನ್ನಾಗಿ ಆಡಿಸಿ. ಒಂದು ಗಂಟೆಯಾದ ಮೇಲೆ ಬಳಸಬಹುದು. ತಳದ ಸುಣ್ಣವನ್ನು ಬಾವಿಗೆ ಸುರಿದರೆ ನೀರಿನ ಗಡಸುತನ ಹೆಚ್ಚುತ್ತದೆ.

ಅದೇ ಎಳೆಯಲ್ಲಿ ಇನ್ನೊಬ್ಬ ಸದಸ್ಯರು (ಕೃಷಿಕ, ಎಣ್ಮಕಜೆ): ನಮ್ಮ ಸುರಂಗದ ನೀರನ್ನು ಮೂರು ತಲೆಮಾರಿನಿಂದ ಹಾಗೇ ಕುಡಿಯುತ್ತಿದ್ದೇವೆ. ಕ್ಲೋರಿನ್ ಹಾಕಿದರೆ ರುಚಿ ಕೆಡುತ್ತದೆ.

ಉತ್ತರ: ಸುರಂಗದ ಮೇಲಿನ ಗುಡ್ಡೆಯಲ್ಲಿ ಈಗಲೂ ಮನೆ, ಹಟ್ಟಿ, ಕೋಳಿ ಫಾರ್ಮ್ ಇಲ್ಲದಿದ್ದರೆ ನಿಮ್ಮ ಮಾತನ್ನು ಗೌರವಿಸುತ್ತೇನೆ. ಆದರೂ ಮೊದಲ ಮಳೆಯ ಬಳಿಕ ಒಮ್ಮೆ ಪರೀಕ್ಷೆ ಮಾಡಿಸಿ. ಮೇಲೆ ಹೊಸ ಮನೆಗಳು ಬಂದಿದ್ದರೆ ಹಿಂದಿನ ತಲೆಮಾರಿನ ಅನುಭವ ಈ ನೀರಿಗೆ ಅನ್ವಯಿಸುವುದಿಲ್ಲ.

ಪ್ರಶ್ನೆ (ವಸತಿ ಸಮುಚ್ಚಯದ ಕಾರ್ಯದರ್ಶಿ, ಕುಂಬಳೆ): ನಮ್ಮ ಕೊಳಚೆ ಶುದ್ಧೀಕರಣ ಘಟಕದಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ. ವಿದ್ಯುತ್ ಉಳಿಸಲು ರಾತ್ರಿ ಗಾಳಿ ಊದುವ ಬ್ಲೋವರ್ ನಿಲ್ಲಿಸುತ್ತೇವೆ. ಅದೇ ಕಾರಣವೇ?

ಉತ್ತರ: ಹೌದು, ಬಹುಮಟ್ಟಿಗೆ ಅದೇ. ಅಲ್ಲಿ ಕೊಳೆಯನ್ನು ತಿನ್ನುವವು ಜೀವಂತ ಬ್ಯಾಕ್ಟೀರಿಯಾಗಳು; ಅವುಗಳಿಗೆ ಲೀಟರಿಗೆ ಸುಮಾರು ಎರಡು ಮಿಲಿಗ್ರಾಂ ಆಮ್ಲಜನಕ ಸತತವಾಗಿ ಬೇಕು. ಗಾಳಿ ನಿಂತರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಬೇಡದ ಜೀವಿಗಳು ಮೇಲುಗೈ ಪಡೆದು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ.

ಒಂದು ಲೀಟರಿನ ಅಳತೆಯ ಜಾಡಿಯಲ್ಲಿ ಬ್ಲೋವರ್ ಗಾಳಿ ಊದುವ ತೊಟ್ಟಿಯ ನೀರನ್ನು ತುಂಬಿ 30 ನಿಮಿಷ ಅಲುಗಾಡಿಸದೆ ಇಡಿ. ಕಂದು ಬಣ್ಣದ ಕೆಸರು ಇನ್ನೂರರಿಂದ ಮುನ್ನೂರು ಮಿಲಿಲೀಟರಿನ ಗೆರೆಯ ಆಸುಪಾಸಿಗೆ ಇಳಿದು, ಮೇಲೆ ತಿಳಿನೀರು ನಿಂತು, ಮಣ್ಣಿನ ವಾಸನೆಯಿದ್ದರೆ ಘಟಕ ಆರೋಗ್ಯವಾಗಿದೆ. ಕೆಸರು ಕಪ್ಪಾಗಿದ್ದರೆ ಗಾಳಿ ಸಾಲದು. ಕೂತ ಕೆಸರು ಐವತ್ತರ ಗೆರೆಯಷ್ಟೂ ಇಲ್ಲದಿದ್ದರೆ ಬ್ಯಾಕ್ಟೀರಿಯಾಗಳು ತೀರಾ ಕಡಿಮೆ. ಆಗ ಚೆನ್ನಾಗಿ ನಡೆಯುತ್ತಿರುವ ಬೇರೊಂದು ಘಟಕದಿಂದ ಒಂದು ಟ್ಯಾಂಕರ್ ಕೆಸರು ತಂದು ಹಾಕಬೇಕು. ಬ್ಲೋವರನ್ನು ರಾತ್ರಿಯಿಡೀ ನಿಲ್ಲಿಸುವುದನ್ನು ಇಂದೇ ಬಿಡಿ, ಮತ್ತು ಶೌಚಾಲಯಗಳಿಗೆ ಆ್ಯಸಿಡ್ ಸುರಿಯುವುದನ್ನು ಕಡಿಮೆ ಮಾಡಲು ನಿವಾಸಿಗಳಿಗೆ ಹೇಳಿ.

ಪ್ರಶ್ನೆ (ಅದೇ ಸದಸ್ಯರು): ತೊಟ್ಟಿಯ ತಳದ ಕೆಸರನ್ನು ತೆಗೆಯಲು ಕೆಲಸದವರು ಒಳಗಿಳಿಯುವುದಾಗಿ ಹೇಳುತ್ತಿದ್ದಾರೆ. ಬೇಸಗೆಯಲ್ಲಿ ಬಾವಿ ತೊಳೆಯುವ ಮೊದಲು ದೀಪ ಇಳಿಸಿ ನೋಡುವಂತೆ ಇಲ್ಲಿಯೂ ಮಾಡಿದರೆ ಸಾಕಲ್ಲವೇ?

ಉತ್ತರ: ದಯವಿಟ್ಟು ಯಾರನ್ನೂ ಇಳಿಸಬೇಡಿ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೋ ಒಳಚರಂಡಿಗೋ ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ದೀಪ ಆರಿದರೆ ಆಮ್ಲಜನಕ ಕಡಿಮೆಯಿದೆ ಎಂದಷ್ಟೇ ತಿಳಿಯುತ್ತದೆ, ವಿಷಾನಿಲ ಇದೆಯೇ ಎಂಬುದು ತಿಳಿಯುವುದಿಲ್ಲ. ಕೊಳಚೆಯ ತೊಟ್ಟಿಯಲ್ಲಿ ಮೀಥೇನ್ ಇರುವುದರಿಂದ ಬೆಂಕಿ ತೋರಿಸಿದರೆ ಸ್ಫೋಟವಾಗಬಹುದು. ವಾಸನೆ ಕಡಿಮೆಯಾಯಿತೆಂದು ಧೈರ್ಯ ಮಾಡುವುದೂ ತಪ್ಪು, ಏಕೆಂದರೆ ಹೈಡ್ರೋಜನ್ ಸಲ್ಫೈಡ್ ಪ್ರಮಾಣ ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯದಂತಾಗುತ್ತದೆ. ಹೀರುವ ಯಂತ್ರವಿರುವ ಟ್ಯಾಂಕರ್ ತರಿಸಿ, ಮುಚ್ಚಳಗಳನ್ನು ತೆರೆದಿಟ್ಟು ಮೇಲಿನಿಂದಲೇ ತೆಗೆಸಿ. ಆ ಕೆಸರನ್ನು ಎಲ್ಲಿ ಖಾಲಿ ಮಾಡುತ್ತಾರೆ ಎಂದೂ ಕೇಳಿ, ಹೊಳೆಗೆ ಬಿಡುವವರಾದರೆ ಕರೆಯಬೇಡಿ. ಯಾರಾದರೂ ಒಳಗೆ ಬಿದ್ದರೆ ಅವರನ್ನು ಎತ್ತಲು ಇನ್ನೊಬ್ಬರು ಇಳಿಯದಂತೆ ತಡೆದು 101ಕ್ಕೆ ಕರೆ ಮಾಡಿ. ಇಂಥ ಅಪಘಾತಗಳಲ್ಲಿ ಕಾಪಾಡಲು ಹೋದವರೂ ಜೀವ ಕಳೆದುಕೊಳ್ಳುತ್ತಾರೆ.