ಪಿಯಾನೋದವರು ಎಫ್ ಅಂದರೆ ನಾನು ಏನು ನುಡಿಸಬೇಕು?

ಆಲ್ಟೋ ಕಲಿಯುವವ:
ಆಲ್ಟೋ ಸ್ಯಾಕ್ಸ್ (ಸ್ಯಾಕ್ಸೊಫೋನ್) ಹಿಡಿದು ಎರಡು ವರ್ಷ ಆಯಿತು. 12 ಮೇಜರ್ ಸ್ಕೇಲ್‌ಗಳೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತವೆ. ಮೊನ್ನೆ ಮೊದಲ ಸಲ ಜ್ಯಾಮ್‌ಗೆ, ಅಂದರೆ ಎಲ್ಲರೂ ಸೇರಿ ಆಶುವಾಗಿ ನುಡಿಸುವ ಕೂಟಕ್ಕೆ ಹೋಗಿದ್ದೆ. ಪಿಯಾನೋದವರು "ಎಫ್ ಬ್ಲೂಸ್" ಅಂದರು. ನಾನು ಧೈರ್ಯವಾಗಿ ಎಫ್ ಮಿಕ್ಸೊಲಿಡಿಯನ್ (ಏಳನೆಯ ಸ್ವರ ಅರ್ಧ ಹೆಜ್ಜೆ ಇಳಿದ ಮೇಜರ್ ಸ್ಕೇಲ್) ಶುರು ಮಾಡಿದೆ. ಕೇಳಿಸಿದ್ದು ಎ ಫ್ಲ್ಯಾಟ್! ಇನ್ನೊಂದು ಗೋಳು: ಸರಿಯಾದ ಕೀನಲ್ಲಿ (ಶ್ರುತಿಯಲ್ಲಿ) ನುಡಿಸಿದರೂ ನನ್ನ ಸೋಲೋ ಮೆಟ್ಟಿಲು ಹತ್ತಿ ಇಳಿದಂತೆ ಇರುತ್ತದೆ. ಏನು ಮಾಡಲಿ?

ಟೆನರ್ ನುಡಿಸುವವಳು:
ನಗು ಬಂತು, ಕ್ಷಮಿಸಿ. ನಾನೂ ಅದೇ ಹಳ್ಳಕ್ಕೆ ಬಿದ್ದವಳು. ನಿಮ್ಮ ಮೊದಲ ಸ್ವರ ತಪ್ಪೇ ಅಲ್ಲ ಗೊತ್ತಾ? ಎಫ್ ಬ್ಲೂಸ್‌ಗೆ ಎ ಫ್ಲ್ಯಾಟ್ ಬ್ಲೂ ನೋಟ್, ಅಂದರೆ ಬ್ಲೂಸ್‌ಗೆ ಬಣ್ಣ ಕೊಡುವ ಇಳಿಸಿದ ಸ್ವರ. ಆಮೇಲೆ ಬಂದ ಡಿ ಫ್ಲ್ಯಾಟ್, ಜಿ ಫ್ಲ್ಯಾಟ್ ಕೆಡಿಸಿರಬೇಕು.

ನಮ್ಮ ಸ್ಯಾಕ್ಸ್‌ನಲ್ಲಿ ಒಂದು ಸ್ವರಕ್ಕೆ ಇರುವ ಹೆಸರೇ ಬೇರೆ, ಪಿಯಾನೋದಲ್ಲಿ ಅದರ ಹೆಸರೇ ಬೇರೆ. ಲೆಕ್ಕ ಸುಲಭ. ಪಿಯಾನೋದವರು ಹೇಳಿದ ಕೀಯಿಂದ ಆಲ್ಟೋದವರು ಮೂರು ಸೆಮಿಟೋನ್ (ಅರ್ಧ ಹೆಜ್ಜೆ) ಕೆಳಗೆ, ಟೆನರ್‌ನವರು ಎರಡು ಮೇಲೆ. ಅವರ ಎಫ್ ನಿಮಗೆ ಡಿ, ನನಗೆ ಜಿ. ಆದರೆ ಒಂದೊಂದು ಕಾರ್ಡ್‌ಗೂ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿಗೂ) ಲೆಕ್ಕ ಹಾಕುತ್ತಾ ಕೂತರೆ ಹಾಡೇ ಮುಗಿದಿರುತ್ತದೆ. ಕೀ ಒಂದನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಒಂದು, ನಾಲ್ಕು, ಐದನೆಯ ಸ್ವರದ ಕಾರ್ಡ್ ಎಂದು ನೆನಪಿಡಿ: ಡಿ 7, ಜಿ 7, ಎ 7. ಶ್ರುತಿ ಬದಲಾದರೂ ಸರಿಗಮ ಸರಿಗಮವೇ ಅಲ್ವಾ?

ಮೆಟ್ಟಿಲಿನ ವಿಷಯ. ಸ್ಕೇಲನ್ನು ಬುಡದಿಂದ ಶುರು ಮಾಡುವುದನ್ನು ಬಿಡಿ. ಪಿಯಾನೋದವರ ಬಿ ಫ್ಲ್ಯಾಟ್ ಕೀಯ ಎರಡು-ಐದು-ಒಂದು (ಆ ಸಂಖ್ಯೆಯ ಸ್ವರಗಳ ಕಾರ್ಡ್‌ಗಳ ಸಾಲು) ನಿಮಗೆ ಎ ಮೈನರ್ 7, ಡಿ 7, ಜಿ ಮೇಜರ್ 7. ಮೊದಲ ಕಾರ್ಡಿನ ಏಳನೆಯ ಸ್ವರ ಜಿ. ಅದು ಅರ್ಧ ಹೆಜ್ಜೆ ಇಳಿದರೆ ಎಫ್ ಶಾರ್ಪ್, ಅಂದರೆ ಡಿ 7ರ ಮೂರನೆಯದು. ಡಿ 7ರ ಏಳನೆಯ ಸ್ವರ ಸಿ. ಅದು ಇಳಿದರೆ ಬಿ, ಜಿ ಕಾರ್ಡಿನ ಮೂರನೆಯದು. ಒಂದು ವಾರ ಸುಮ್ನೆ ಈ ಉದ್ದ ಸ್ವರಗಳನ್ನೇ ಊದಿ. ಪಿಯಾನೋ ಇಲ್ಲದಿದ್ದರೂ ಕಾರ್ಡ್ ಬದಲಾದದ್ದು ಕೇಳಿಸುತ್ತದೆ. ಆಮೇಲೆ ಡಿ 7ಕ್ಕೆ ಬಿಬಾಪ್ ಸ್ಕೇಲ್ (ಒಂದು ಸ್ವರ ಹೆಚ್ಚು ಸೇರಿಸಿದ ಜಾಝ್ ಸ್ಕೇಲ್): ಡಿ, ಸಿ ಶಾರ್ಪ್, ಸಿ, ಬಿ, ಎ, ಜಿ, ಎಫ್ ಶಾರ್ಪ್, ಇ. ಸಿ ಶಾರ್ಪ್ ಒಂದು ಸೇರಿದ್ದಕ್ಕೆ ಕಾರ್ಡಿನ ಸ್ವರಗಳೆಲ್ಲ ಬೀಟ್ ಮೇಲೇ ಬೀಳುತ್ತವೆ.

ಹಳೇ ಆಲ್ಟೋ:
ಬಿಬಾಪ್ ಸ್ಕೇಲ್ ಈಗಲೇ ಬೇಡ ಅನ್ನುತ್ತೇನೆ, ಇವರಿಗೆ ಸ್ಕೇಲೇ ಜಾಸ್ತಿ ಆಗಿದೆ! ಎರಡು ಬಾರ್ (ತಾಳದ ಆವರ್ತ) ಉದ್ದದ ಒಂದು ಸಂಗೀತದ ಮಾತನ್ನು ಮೊದಲು ಹಾಡಿ, ಆಮೇಲೆ ಊದಿ. ಅದನ್ನೇ ಸಿ, ಎಫ್, ಬಿ ಫ್ಲ್ಯಾಟ್ ಅಂತ ನಾಲ್ಕನೆಯದಕ್ಕೆ ಹಾರುತ್ತಾ 12 ಕೀಗೂ ಒಯ್ಯಿರಿ. ಬರೆದುಕೊಳ್ಳಬೇಡಿ.

ಆಲ್ಟೋ ಕಲಿಯುವವ:
ಹತ್ತು ದಿನ ಮಾಡಿದೆ. ಜಿಯಿಂದ ಎಫ್ ಶಾರ್ಪ್‌ಗೆ ಇಳಿಯುವಾಗ ನಿಜಕ್ಕೂ ಬಾಗಿಲು ತೆರೆದ ಹಾಗಾಯಿತು. ಹಾಡಿದ ಮಾತು ಮಾತ್ರ ಕೆಲವು ಕೀಗಳಲ್ಲಿ ಕೆಳಗಿನ ಬಿ ಫ್ಲ್ಯಾಟ್ ದಾಟಿ ಹೋಗುತ್ತದೆ. ಅಲ್ಲಿಂದ ಮುಂದೆ ಕೀಲಿಯೇ ಇಲ್ಲ!

ಹಳೇ ಆಲ್ಟೋ:
ಅಲ್ಲಿಗೆ ಬಂದಾಗ ಒಂದು ಆಕ್ಟೇವ್ ಮೇಲಕ್ಕೆ ಹಾರಿ. ನನ್ನ ಒಳ್ಳೆಯ ಲಿಕ್‌ಗಳಲ್ಲಿ (ಸೋಲೋದ ಪುಟ್ಟ ತುಣುಕುಗಳಲ್ಲಿ) ಅರ್ಧ ಹುಟ್ಟಿದ್ದು ಹೀಗೇ.