ಬಳಕೆದಾರರ ಫೋನ್ ನಂಬರ್ ಆ್ಯಪ್‌ಗೆ ತಾನಾಗಿಯೇ ಸಿಗುತ್ತದಾ?

ಪ್ರಶ್ನೆ: ಸರ್, ಲಾಗಿನ್‌ನಲ್ಲಿ ನಂಬರ್ ಟೈಪ್ ಮಾಡಿಸುವ ಬದಲು ಫೋನಿನಿಂದಲೇ ತೆಗೆದುಕೊಳ್ಳೋಣ ಅಂತ ಆಂಡ್ರಾಯ್ಡ್‌ನಲ್ಲಿ ನಂಬರ್ ಓದಿ ಕೊಡುವ ಗೆಟ್‌ಲೈನ್1ನಂಬರ್ ಫಂಕ್ಷನ್ ಬಳಸಿದೆ. ನನ್ನ ಫೋನಿನಲ್ಲಿ ಸರಿಯಾಗಿ ಬಂತು. ಗೆಳೆಯನ ಫೋನಿನಲ್ಲಿ ಖಾಲಿ, ಇನ್ನೊಬ್ಬರದರಲ್ಲಿ ಅವರು ಯಾವಾಗಲೋ ಬಿಟ್ಟ ಹಳೇ ನಂಬರ್! ಪರ್ಮಿಷನ್ ಎಲ್ಲ ಕೊಟ್ಟಿದ್ದೇನೆ. ಐಫೋನ್‌ಗೂ ಇದೇ ಬೇಕು. ಏನು ಮಾಡಲಿ?

ಉತ್ತರ: ನಿಮ್ಮ ಕೋಡ್ ಸರಿಯಾಗಿಯೇ ಇದೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನಂಬರ್ ಸಿಮ್‌ನಲ್ಲೇ ಇರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ನೆಟ್‌ವರ್ಕ್ ಸಿಮ್ಮನ್ನು ಗುರುತು ಹಿಡಿಯುವುದು ಐಎಂಎಸ್‌ಐ ಅನ್ನುವ ಬೇರೆಯೇ ಸಂಖ್ಯೆಯಿಂದ, ಅದಕ್ಕೆ ಯಾವ ಫೋನ್ ನಂಬರ್ ಅನ್ನುವ ಲೆಕ್ಕ ಇರುವುದು ಸಿಮ್ ಕಂಪನಿಯ ಕಡೆ. ಸಿಮ್ ಒಳಗೆ ನಂಬರ್ ಬರೆದಿಡಲು ಒಂದು ಜಾಗ ಇದೆ ನಿಜ, ಆದರೆ ತುಂಬಲೇಬೇಕು ಅಂತಿಲ್ಲ. ತುಂಬದಿದ್ದರೆ ಖಾಲಿ ಬರುತ್ತದೆ. ಒಮ್ಮೆ ತುಂಬಿ ಆಮೇಲೆ ನಂಬರ್ ಬದಲಾದರೆ ಹಳೆಯದೇ ಉಳಿದಿರಬಹುದು.

ಆಂಡ್ರಾಯ್ಡ್ 11ರಿಂದ ಈ ಗೆಟ್‌ಲೈನ್1ನಂಬರ್ ಫಂಕ್ಷನ್‌ಗೆ ರೀಡ್ ಫೋನ್ ನಂಬರ್ಸ್ ಪರ್ಮಿಷನ್ ಬೇರೆ ಬೇಕು, 13ರಲ್ಲಂತೂ ಇದನ್ನು ಹಳತು ಅಂತ ಬದಿಗಿಟ್ಟಿದ್ದಾರೆ. ನೀವು ಗೂಗಲ್ ಪ್ಲೇ ಸರ್ವಿಸಸ್‌ನ ಫೋನ್ ನಂಬರ್ ಹಿಂಟ್ ಬಳಸಿ. ಪರ್ಮಿಷನ್ ಬೇಡ. ಪರದೆಯ ಕೆಳಗಿನಿಂದ ಒಂದು ಪಟ್ಟಿ ಮೇಲೆ ಬರುತ್ತದೆ, ಎರಡು ಸಿಮ್ ಇದ್ದವರು ಬೇಕಾದ್ದನ್ನು ಒತ್ತುತ್ತಾರೆ, ಅಷ್ಟೇ. ಪಟ್ಟಿ ಬರದೇ ಹೋದರೆ ಟೈಪ್ ಮಾಡುವ ಖಾನೆ ಇರಲೇಬೇಕು. ಐಫೋನ್‌ನಲ್ಲಿ ಆ್ಯಪ್‌ಗಳಿಗೆ ನಂಬರ್ ಕೊಡುವ ದಾರಿಯನ್ನೇ ಆಪಲ್ ಇಟ್ಟಿಲ್ಲ. ಖಾನೆಯ ಕಂಟೆಂಟ್ ಟೈಪ್‌ಗೆ (ಅಲ್ಲಿ ಏನು ತುಂಬಬೇಕು ಅಂತ ಫೋನಿಗೆ ತಿಳಿಸುವ ಗುರುತು) ಟೆಲಿಫೋನ್‌ನಂಬರ್ ಅಂತ ಕೊಡಿ, ಕೀಬೋರ್ಡ್ ಮೇಲೆ ಸಲಹೆ ಬರಬಹುದು.

ಹೇಗೇ ಬಂದ ನಂಬರ್ ಆಗಲಿ, ಓಟಿಪಿ ಕಳಿಸಿ ಖಚಿತ ಮಾಡಿಕೊಳ್ಳದೆ ಖಾತೆ ತೆರೆಯಬೇಡಿ. ಆ ಹಳೇ ನಂಬರ್ ಈಗ ಇನ್ಯಾರ ಕೈಯಲ್ಲೋ ಇರಬಹುದು, ಅವರ ಖಾತೆ ಇವರಿಗೆ ತೆರೆದುಕೊಂಡರೆ ಗತಿಯೇನು?

ಪ್ರಶ್ನೆ: ಹಾಗಾದರೆ ಓಟಿಪಿ ಓದಲು ಎಸ್‌ಎಂಎಸ್ ಪರ್ಮಿಷನ್ ಕೇಳಬೇಕಾ ಸರ್?

ಉತ್ತರ: ಬೇಡವೇ ಬೇಡ, ಬೇರೆಯವರ ಮೆಸೇಜ್‌ಗಳೆಲ್ಲ ನಮಗ್ಯಾಕೆ? ಆಂಡ್ರಾಯ್ಡ್‌ನಲ್ಲಿ ಎಸ್‌ಎಂಎಸ್ ರಿಟ್ರೀವರ್ ಇದೆ. ಮೆಸೇಜ್ ಕೊನೆಗೆ ನಿಮ್ಮ ಆ್ಯಪ್‌ನ 11 ಅಕ್ಷರದ ಹ್ಯಾಶ್ (ಆ್ಯಪ್ ಯಾವುದೆಂದು ಹೇಳುವ ಗುರುತಿನ ಕೋಡ್) ಸೇರಿಸಿ ಕಳಿಸಿದರೆ ಆ ಒಂದು ಮೆಸೇಜ್ ಮಾತ್ರ ನಿಮಗೆ ಸಿಗುತ್ತದೆ, 5 ನಿಮಿಷದವರೆಗೆ ಕಾಯುತ್ತದೆ. ಐಫೋನ್‌ನಲ್ಲಿ ಖಾನೆಯ ಕಂಟೆಂಟ್ ಟೈಪ್‌ಗೆ ಒನ್‌ಟೈಮ್‌ಕೋಡ್ ಅಂತ ಕೊಟ್ಟರೆ ಸಾಕು.

ಒಂದು ಎಚ್ಚರ: ಹ್ಯಾಶ್ ಹುಟ್ಟುವುದು ಪ್ಯಾಕೇಜ್ ಹೆಸರು ಮತ್ತು ಸೈನಿಂಗ್ ಸರ್ಟಿಫಿಕೇಟ್‌ನಿಂದ (ಆ್ಯಪ್‌ಗೆ ನೀವು ಹಾಕುವ ಡಿಜಿಟಲ್ ಸಹಿ). ಡೀಬಗ್ ಬಿಲ್ಡ್‌ನ (ಪರೀಕ್ಷೆಗೆ ಮಾಡಿಕೊಂಡ ಆ್ಯಪ್‌ನ) ಹ್ಯಾಶ್ ಸರ್ವರ್‌ನಲ್ಲಿ ಹಾಗೇ ಬಿಟ್ಟು ರಿಲೀಸ್ ಮಾಡಿದರೆ ಓಟಿಪಿ ಬರುತ್ತದೆ, ಆ್ಯಪ್ ಮಾತ್ರ ಅದನ್ನು ಹಿಡಿಯುವುದಿಲ್ಲ.