ಪದ ಬೇಕಾಗಿದೆ: ರ‍್ಯಾಪಿನ ‘ಫ್ಲೋ’ಗೆ ಏನಂತೀರಿ? ನಾಳೆ ಪುಟ ಅಚ್ಚಿಗೆ

ಹುಬ್ಬಳ್ಳಿ, ವಿದ್ಯಾನಗರದಿಂದ

ಎಲ್ಲರಿಗೂ ನಮಸ್ಕಾರ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಹೊಸ ರ‍್ಯಾಪ್, ರಾಕ್ ಆಲ್ಬಂಗಳ ಬಗ್ಗೆ ಒಂದು ಪುಟ ಬರೆದಿದ್ದೇನೆ. ಡಿಟಿಪಿಯವರು ನಾಳೆ ಬೆಳಿಗ್ಗೆ ಪುಟ ಮುಗಿಸುತ್ತಾರೆ. ಸಂಚಿಕೆ ನೋಡಿಕೊಳ್ಳುವ ನಮ್ಮ ಸರ್ ಮೂರು ಪದಕ್ಕೆ ಕೆಂಪು ಗೆರೆ ಎಳೆದು ವಾಪಸ್ ಕೊಟ್ಟಿದ್ದಾರೆ: ಫ್ಲೋ (ಬೀಟಿನ ಮೇಲೆ ಮಾತು ಓಡಿಸುವ ರೀತಿ), ರಿಫ್ (ಹಾಡಿನಲ್ಲಿ ಮರುಕಳಿಸುವ ಗಿಟಾರಿನ ಸಣ್ಣ ತುಣುಕು), ಡ್ರಾಪ್ (ಆಲ್ಬಂ ದಿಢೀರ್ ಹೊರಬಿಡುವುದು). ‘ಕನ್ನಡ ವಿಭಾಗ ಇದು, ಕನ್ನಡ ಹುಡುಕು’ ಅಂತ ಪಕ್ಕದಲ್ಲಿ ಬರೆದಿದ್ದಾರೆ. ಎಲ್ಲಿ ಸಿಕ್ಕಿಬಿದ್ದಿದ್ದೇನೆ ಅಂತ ತೋರಿಸಿದರೆ ನಿಮಗೆ ಹೇಳಲು ಸುಲಭ.

ಕ್ಲಿಪ್ಸ್ ಅನ್ನುವ ಅಮೆರಿಕದ ರ‍್ಯಾಪ್ ಅಣ್ಣತಮ್ಮಂದಿರ ಆಲ್ಬಂ 2025ರ ಜುಲೈನಲ್ಲಿ ಬಂತು. ಅದರ ಹಿಂದಿನದು 2009ರದ್ದು. ಬೀಟ್ ಮಾಡಿದ್ದು ಫ್ಯಾರೆಲ್ ವಿಲಿಯಮ್ಸ್. ಮೊದಲ ಹಾಡಿನಲ್ಲೇ ತೀರಿಹೋದ ತಂದೆತಾಯಿಯ ಮಾತು ತೆಗೆಯುತ್ತಾರೆ. ಒಂದೇ ಬೀಟಿನ ಮೇಲೆ ಇಬ್ಬರೂ ಬರುತ್ತಾರೆ. ತಮ್ಮ ಪುಶಾ ಟಿ ಮಾತನ್ನು ಕಡಿದು ಕಡಿದು ಇಡುತ್ತಾನೆ, ನಡುವೆ ಜಾಗ ಖಾಲಿ ಬಿಡುತ್ತಾನೆ. ಅಣ್ಣ ಮ್ಯಾಲಿಸ್ ಅಷ್ಟೇ ಜಾಗದಲ್ಲಿ ಇನ್ನಷ್ಟು ಅಕ್ಷರ ತುಂಬುತ್ತಾನೆ, ಸಾಲಿನ ಕೊನೆಗೆ ಬರಬೇಕಾದ ಪ್ರಾಸವನ್ನು ನಡುವಿಗೇ ಎಳೆದು ತರುತ್ತಾನೆ. ‘ಇಬ್ಬರ ಫ್ಲೋ ಬೇರೆ ಬೇರೆ, ಹಾಗಾಗಿ ಕೊನೆ ತನಕ ಬೇಜಾರಿಲ್ಲ.’ ಇದು ನನ್ನ ವಾಕ್ಯ.

ರಿಫ್ ಬಂದಿರುವುದು ಲಿಂಕಿನ್ ಪಾರ್ಕ್ ರಾಕ್ ತಂಡದ ಬಗ್ಗೆ ಬರೆಯುವಾಗ. ಎಮಿಲಿ ಆರ್ಮ್‌ಸ್ಟ್ರಾಂಗ್ ಹಾಡುಗಾರ್ತಿಯಾಗಿ ಸೇರಿದ ಮೇಲಿನ ಮೊದಲ ಆಲ್ಬಂ ‘ಫ್ರಮ್ ಝೀರೋ’, 2024ರ ನವೆಂಬರ್‌ನಲ್ಲಿ ಬಂತು. 11 ಹಾಡು, ಅರ್ಧ ಗಂಟೆಗೆ ಚೂರು ಜಾಸ್ತಿ. ದನಿ ಹೊಸದು, ರಿಫ್ ಮಾತ್ರ ಇಪ್ಪತ್ತು ವರ್ಷದ ಹಿಂದಿನವೇ ಅನ್ನೋದು ನನ್ನ ದೂರು. ಇನ್ನು ಡ್ರಾಪ್: ಅದೇ ತಿಂಗಳ 22ಕ್ಕೆ ರ‍್ಯಾಪರ್ ಕೆಂಡ್ರಿಕ್ ಲಮಾರ್ ಯಾವ ಸುಳಿವೂ ಕೊಡದೆ ‘ಜಿಎನ್‌ಎಕ್ಸ್’ ಆಲ್ಬಂ ಅನ್ನು ಡ್ರಾಪ್ ಮಾಡಿದ.

ರಾತ್ರಿಯೊಳಗೆ ಹೇಳಿದರೆ ಉಪಕಾರ.

ಧಾರವಾಡ, ಸಪ್ತಾಪುರದಿಂದ

ಹರಿವು. ಸುರುಳಿ. ಬಿಡುಗಡೆ. ನಿಘಂಟು ತೆಗೆದಿದ್ದರೆ ಇಷ್ಟುದ್ದ ಬರೆಯುವುದು ಬೇಕಿರಲಿಲ್ಲ.

ಹುಬ್ಬಳ್ಳಿ, ವಿದ್ಯಾನಗರದಿಂದ

ಸರ್, ಥ್ಯಾಂಕ್ಸ್. ಆದರೆ ‘ಹರಿವು’ ಹಾಕಿ ಓದಿ ನೋಡಿದೆ, ಕೂರುವುದಿಲ್ಲ. ಪುಶಾ ಟಿಯ ಬಂಡವಾಳವೇ ನಿಲ್ಲಿಸುವುದು. ಎರಡು ಪದ ಹೇಳಿ ಸುಮ್ಮನಾಗುತ್ತಾನೆ, ಡ್ರಮ್ ಒಂದೇ ಕೇಳುತ್ತದೆ, ಆಮೇಲೆ ಮೂರನೆಯ ಪದ ಬೀಳುತ್ತದೆ. ನಿಂತದ್ದನ್ನು ಹರಿವು ಅನ್ನೋದು ಹೇಗೆ? ‘ಸುರುಳಿ’ ಅಂದರೆ ನಮ್ಮ ಹುಡುಗರು ಫಿಲಂ ರೀಲು ಅಂದುಕೊಳ್ಳುತ್ತಾರೆ. ‘ಬಿಡುಗಡೆ’ ಅಂದರೆ ಮುಖ್ಯ ಅತಿಥಿ, ರಿಬ್ಬನ್ನು, ಶಾಲು ಎಲ್ಲ ಕಣ್ಣ ಮುಂದೆ ಬರುತ್ತವೆ. ಕೆಂಡ್ರಿಕ್ ಅದ್ಯಾವುದನ್ನೂ ಮಾಡಲಿಲ್ಲ ಅನ್ನೋದೇ ಅಲ್ಲಿ ಸುದ್ದಿ.

ಲಕ್ಷ್ಮೇಶ್ವರದಿಂದ

ಮೂರು ಪದಕ್ಕೂ ಉತ್ತರ ಕೊಡುವಷ್ಟು ಪುರುಸೊತ್ತಿಲ್ಲ. ಮೊದಲನೆಯದಕ್ಕೆ ಕೊಡುತ್ತೇನೆ, ಅದೊಂದೇ ಕೇಳಬೇಕಾದ ಪ್ರಶ್ನೆ.

ಕವಿರಾಜಮಾರ್ಗ ಕನ್ನಡದ ತಿರುಳು ಇರುವ ನಾಡು ಅಂತ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳನ್ನು ಹೆಸರಿಸುತ್ತದೆ. ಪುಲಿಗೆರೆ ಅಂದರೆ ನಾನು ಈಗ ಕೂತು ಬರೆಯುತ್ತಿರುವ ಊರು. ಇದೇ ಗ್ರಂಥ ಈ ನಾಡಿನವರನ್ನು ಹೊಗಳುವುದು ‘ಪದನರಿದು ನುಡಿಯಲುಂ’ ಬಲ್ಲವರು ಅಂತ. ಇಲ್ಲಿ ಪದನ್ ಅಂದರೆ ಶಬ್ದ ಅಲ್ಲ. ಯಾವಾಗ, ಎಷ್ಟು, ಎಲ್ಲಿ ನಿಲ್ಲಿಸಿ ಆಡಬೇಕು ಅನ್ನುವ ಹಿಡಿತ. ಪಕಾರ ಹಕಾರವಾಗಿ ಪುಲಿ ಹುಲಿಯಾಯಿತು, ಪಾಲು ಹಾಲಾಯಿತು, ಪದನ್ ಹದವಾಯಿತು. ನಿಮ್ಮ ಹುಡುಗ ಮಾತು ನಿಲ್ಲಿಸುತ್ತಾನೆ ಅಂದಿರಲ್ಲ, ಅದೇ ಹದ. ‘ಇಬ್ಬರ ಹದ ಬೇರೆ ಬೇರೆ.’ ಸಾವಿರ ವರ್ಷದ ಪದ ಕೈಯಲ್ಲಿಟ್ಟುಕೊಂಡು ಫ್ಲೋ ಫ್ಲೋ ಅಂತ ಅಲೆಯುವುದು ನಾಚಿಕೆಗೇಡು.

ಸಪ್ತಾಪುರದಿಂದ

ಹದ ಅಂದರೆ ಪಾಕದ ಹದ, ಮಣ್ಣಿನ ಹದ. ರ‍್ಯಾಪಿಗೆ ಪಾಕ ಇಳಿಸಬೇಡಿ.

ಲಕ್ಷ್ಮೇಶ್ವರದಿಂದ

ಸುರುಳಿ ಅಂತ ಬರೆದವರಿಂದ ಈ ಮಾತೇ?

ಧಾರವಾಡ, ಮಾಳಮಡ್ಡಿಯಿಂದ

ನಾನು ತಬಲಾ ನುಡಿಸುವವನು, ರ‍್ಯಾಪ್ ನನ್ನ ಮಗನ ಫೋನಿನಲ್ಲಿ ಕೇಳಿದ್ದಷ್ಟೇ. ಆದರೆ ವಿದ್ಯಾನಗರದ ತಮ್ಮ ವಿವರಿಸಿದ್ದು ನಮಗೆ ದಿನಾ ಇರುವ ಕೆಲಸ. ತಾಳ ತನ್ನ ಪಾಡಿಗೆ ಹೋಗುತ್ತಿರುತ್ತದೆ, ಹಾಡುವವರು ಅದರೊಳಗೆ ಮಾತ್ರೆಗಳನ್ನು ಹಿಗ್ಗಿಸಿ, ಕುಗ್ಗಿಸಿ, ಬಿಟ್ಟು ಹಿಡಿದು ಆಡುತ್ತಾರೆ. ಅದು ಲಯಕಾರಿ. ಮಲ್ಲಿಕಾರ್ಜುನ ಮನ್ಸೂರರ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಿಫ್ ಅಂದದ್ದಕ್ಕೂ ಹತ್ತಿರದ್ದು ಇದೆ: ಲೆಹರಾ. ತಬಲಾ ಸೋಲೊ ಇದ್ದಾಗ ಹಾರ್ಮೋನಿಯಂ ಅಥವಾ ಸಾರಂಗಿ ಒಂದೇ ಸಣ್ಣ ತುಣುಕನ್ನು ಸುತ್ತಿ ಸುತ್ತಿ ನುಡಿಸುತ್ತದಲ್ಲ, ಅದು.

ವಿದ್ಯಾನಗರದಿಂದ

ಸರ್, ಲಯಕಾರಿ ಬಹಳ ಹತ್ತಿರ ಬಂತು. ಒಂದೇ ಕೊರತೆ. ಫ್ಲೋದಲ್ಲಿ ಲಯದ ಜತೆ ಮಾತಿನ ರಾಗವೂ ಇರುತ್ತದೆ, ಯಾವ ಅಕ್ಷರಕ್ಕೆ ದನಿ ಏರಿಸಿದ, ಎಲ್ಲಿ ಇಳಿಸಿದ ಅನ್ನೋದು. ಲೆಹರಾ ವಿಷಯದಲ್ಲಿ ಅನುಮಾನ. ಲೆಹರಾ ಇನ್ನೊಬ್ಬರಿಗೆ ದಾರಿ ಬಿಟ್ಟು ಹಿಂದೆ ಇರುತ್ತದೆ, ಅಲ್ವಾ? ರಿಫ್ ಹಾಗಲ್ಲ. ಗಿಟಾರಿನ ಆ ನಾಲ್ಕು ಸ್ವರ ಕೇಳಿದ ಕೂಡಲೇ ಹಾಡು ಯಾವುದು ಅಂತ ಗೊತ್ತಾಗಬೇಕು.

ಮಾಳಮಡ್ಡಿಯಿಂದ

ಸರಿ. ಹಾಗಾದರೆ ಲೆಹರಾ ಬೇಡ. ಲಯಕಾರಿ ಇಟ್ಟುಕೋ ತಮ್ಮಾ.

ಲಕ್ಷ್ಮೇಶ್ವರದಿಂದ

‘ಕಾರಿ’ ಯಾವ ಕನ್ನಡ?

ಶಿಗ್ಗಾವಿಯಿಂದ

ನೀವೆಲ್ಲ ಎಲ್ಲೆಲ್ಲೋ ತಿರುಗುತ್ತಿದ್ದೀರಿ. ಗೀಗೀ ಪದ ಕೇಳಿದವರು ಇಲ್ಲಿ ಯಾರೂ ಇಲ್ಲವೇನ್ರಿ?

ನಮ್ಮ ಕಡೆ ಲಾವಣಿ, ಗೀಗೀ ಹಾಡುವವರ ಬಾಯಲ್ಲಿ ಒಂದು ಹಾಡಿನ ಒಡಲು ಹೀಗಿರುತ್ತದೆ: ಪಲ್ಲ, ನುಡಿ, ಚಾಲ, ಏರು, ಇಳವು, ಕೂಡುಪಲ್ಲ. ಅಚ್ಚಾದ ಗೀಗೀ ಪದದ ಪುಸ್ತಕ ತೆಗೆದರೆ ಸಾಲಿನ ಮೇಲೆ ‘ಚಾಲ’ ಅಂತ ಬರೆದಿರುತ್ತದೆ. ಅಲ್ಲಿಂದ ಮಾತಿನ ನಡಿಗೆ ಬದಲು ಅಂತ ಅರ್ಥ. ದಪ್ಪು, ತುಂತುಣಿ, ತಾಳ ಅವೇ. ಮುಮ್ಮೇಳದವನು ಮಾತನ್ನು ಬೇರೆ ಥರ ಓಡಿಸುತ್ತಾನೆ, ಹಿಂದಿನವರು ‘ಜೀ ಜೀ’ ಅಂತ ದನಿ ಕೂಡಿಸುತ್ತಾರೆ. ತಮ್ಮ ಹೇಳುವ ಆ ಅಮೆರಿಕದ ಅಣ್ಣತಮ್ಮಂದಿರು ಮಾಡುವುದು ಇದೇ. ಫ್ಲೋ ಅಂದರೆ ಚಾಲ. ‘ಇಬ್ಬರ ಚಾಲ ಬೇರೆ ಬೇರೆ.’ ಮುಗೀತು.

ಇನ್ನೊಂದು ಮಾತು. ಒಬ್ಬರನ್ನೊಬ್ಬರು ಹಾಡಿನಲ್ಲೇ ಹಳಿಯುವುದಕ್ಕೆ ಡಿಸ್ ಅಂತೀರಂತೆ. ಕೆಂಡ್ರಿಕ್ ಮತ್ತು ಇನ್ನೊಬ್ಬ ರ‍್ಯಾಪರ್ ಡ್ರೇಕ್ ಜಗಳ 2024ರಲ್ಲಿ ಪೇಪರಿನಲ್ಲೂ ಬಂದಿತ್ತು. ನಮ್ಮಲ್ಲಿ ಹರದೇಶಿ, ನಾಗೇಶಿ ಅಂತ ಎರಡು ಮೇಳ ಎದುರುಬದುರು ಕೂತು ರಾತ್ರಿಯೆಲ್ಲ ಹಾಡುತ್ತವೆ. ಒಂದು ಗಂಡು ಹೆಚ್ಚು ಅನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಅನ್ನುತ್ತದೆ. ಈ ಮೇಳ ಸವಾಲು ಹಾಕಿದರೆ ಆ ಮೇಳ ಹಾಡಿನಲ್ಲೇ ಜವಾಬು ಕೊಡಬೇಕು. ಜವಾಬು ಬರದಿದ್ದರೆ ಕೂತ ಮಂದಿಯೇ ನಗುತ್ತಾರೆ. ಡಿಸ್‌ಗೆ ‘ಸವಾಲು’ ಸಾಕು.

ವಿದ್ಯಾನಗರದಿಂದ

ಅಣ್ಣಾವ್ರೇ, ಇದು! ಈಗಷ್ಟೇ ಆ ಆಲ್ಬಂ ಮತ್ತೆ ಹಾಕಿ, ಪ್ರತಿ ಸಲ ಮೈಕ್ ಅಣ್ಣನ ಕೈಗೆ ಹೋದಾಗ ‘ಚಾಲ ಬದಲಾಯ್ತು’ ಅಂದುಕೊಂಡೆ. ಸರಿಯಾಗಿ ಕೂತಿತು. ‘ಜೀ ಜೀ’ ಬಗ್ಗೆ ಹೇಳಿದ್ದಂತೂ ಇನ್ನೂ ಖುಷಿ. ರ‍್ಯಾಪಿನಲ್ಲಿ ಸಾಲಿನ ಹಿಂದೆ ‘ಹಾ’, ‘ಯಾ’ ಅಂತ ಕೂಗು ಇರುತ್ತದೆ, ಅದಕ್ಕೆ ಯಾರೂ ಕನ್ನಡ ಕೇಳುವುದೇ ಇಲ್ಲ.

ಲಕ್ಷ್ಮೇಶ್ವರದಿಂದ

ಚಾಲ ಮರಾಠಿ. ಅಲ್ಲಿ ಚಾಲ್ ಅಂದರೆ ಹಾಡಿನ ಧಾಟಿ. ಲಾವಣಿಯ ಜತೆ ಬಂದು ಇಲ್ಲಿ ಕೂತಿದೆ. ಇಂಗ್ಲಿಷ್ ತೆಗೆದು ಮರಾಠಿ ಹಾಕುವುದಾದರೆ ಸಂಪಾದಕರು ಕೆಂಪು ಗೆರೆ ಎಳೆದದ್ದೇಕೆ? ಅದೂ ಅಲ್ಲದೆ ಹುಬ್ಬಳ್ಳಿಯಲ್ಲಿ ಚಾಲು ಅಂದರೆ ಮೋಟರ್ ಚಾಲು, ಇಲ್ಲವೇ ‘ಭಾಳ ಚಾಲು ಮನುಷ್ಯ’. ‘ಅವನ ಚಾಲ ಚೆನ್ನಾಗಿದೆ’ ಅಂದರೆ ಓದುವವನು ಏನಂದುಕೊಳ್ಳಬೇಕು? ಆಂಡಯ್ಯ ಸಂಸ್ಕೃತದ ತತ್ಸಮ ಮುಟ್ಟದೆ ಒಂದಿಡೀ ಕಾವ್ಯ ಬರೆದ. ನಮಗೆ ಒಂದು ಪುಟ ಬರೆಯಲಾಗುವುದಿಲ್ಲ.

ಶಿಗ್ಗಾವಿಯಿಂದ

ಆಂಡಯ್ಯನನ್ನು ಊರಲ್ಲಿ ಎಷ್ಟು ಮಂದಿ ಹಾಡುತ್ತಾರೆ ಸರ? ಷರೀಫರ ಪದ ಎಷ್ಟು ಮಂದಿ ಹಾಡುತ್ತಾರೆ? ನಮ್ಮ ತಾಲ್ಲೂಕಿನ ಶಿಶುನಾಳದವರು ಅವರು. ಕನ್ನಡ, ಉರ್ದು ಯಾವುದಕ್ಕೂ ಬಾಗಿಲು ಹಾಕಲಿಲ್ಲ. 1889ರಲ್ಲಿ ತೀರಿಕೊಂಡವರ ಪದಕ್ಕೆ ಈಗಿನ ರಾಕ್ ಹುಡುಗರು ಗಿಟಾರು ಹಿಡಿಯುತ್ತಾರೆ. ರಘು ದೀಕ್ಷಿತ್ ಹಾಡಿದ್ದನ್ನು ಕೇಳಿ ಎಷ್ಟೋ ಜನ ಶಿಶುನಾಳ ಎಲ್ಲಿದೆ ಅಂತ ವಿಚಾರಿಸಿದರು. ಮರಾಠಿ ಅಂತ ಚಾಲ ಬಿಡಬೇಕಾದರೆ ಬರೋಬ್ಬರಿಯನ್ನೂ ಬಿಡಿ. ಹುಬ್ಬಳ್ಳಿಯ ಪೇಟೆಯಲ್ಲಿ ಬಾಯಿ ಮುಚ್ಚಿಕೊಂಡು ವ್ಯಾಪಾರ ಮಾಡಬೇಕಾಗುತ್ತದೆ.

ಲಕ್ಷ್ಮೇಶ್ವರದಿಂದ

ಆಡುಮಾತಿನಲ್ಲಿ ಇದೆ ಅಂದ ಮಾತ್ರಕ್ಕೆ ಬರಹಕ್ಕೆ ಬರಬೇಕೆಂದಿಲ್ಲ. ನನ್ನ ತಕರಾರು ಅಷ್ಟೇ.

ಗದಗದಿಂದ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ‘ತಕರಾರು’ ಅಂದಿರಿ, ತಡೆಯಲಾಗಲಿಲ್ಲ.

ಅದು ಅರಬ್ಬಿ ಮೂಲದ ಪದ. ಪಾರಸಿ ದಾರಿಯಲ್ಲಿ ನಮ್ಮ ಕಡೆ ಬಂತು. ಮೂಲದಲ್ಲಿ ಅದರ ಅರ್ಥ ಜಗಳ ಅಲ್ಲ, ಮತ್ತೆ ಮತ್ತೆ ಮಾಡುವುದು, ಮರುಕಳಿಸುವುದು. ಹೇಳಿದ್ದನ್ನೇ ಹೇಳಿ ಹೇಳಿ ಅದು ಜಗಳವಾಯಿತು, ಆಮೇಲೆ ಆಕ್ಷೇಪಣೆಯಾಯಿತು, ಕೊನೆಗೆ ಕೋರ್ಟು ಕಚೇರಿಯ ಮಾತಾಯಿತು. ಅಂದ ಮೇಲೆ ಅದೇ ಸ್ವರಗಳನ್ನು ಬಿಡದೆ ಮರುಕಳಿಸುವ ರಿಫ್‌ಗೆ ಬರೋಬ್ಬರಿ ಪದ ಇದೇ. ‘ಲಿಂಕಿನ್ ಪಾರ್ಕಿನವರ ತಕರಾರು ಹಳೆಯದೇ.’ ತಮ್ಮನ ದೂರಿಗೂ ಹೊಂದುತ್ತದೆ. ಲಕ್ಷ್ಮೇಶ್ವರದ ಸರ್ ಇದನ್ನು ಈಗಾಗಲೇ ಬರಹದಲ್ಲಿ ಬಳಸಿದ್ದರಿಂದ ಅವರ ಒಪ್ಪಿಗೆಯೂ ಸಿಕ್ಕಂತಾಯಿತು.

ಲಕ್ಷ್ಮೇಶ್ವರದಿಂದ

ಕುಚೋದ್ಯಕ್ಕೆ ಉತ್ತರ ಕೊಡುವುದಿಲ್ಲ.

ಸಪ್ತಾಪುರದಿಂದ

ಯಾರೂ ರಗಳೆಯ ಹೆಸರೆತ್ತಲಿಲ್ಲ ಅನ್ನೋದು ಆಶ್ಚರ್ಯ. ಮಂದಾನಿಲ ರಗಳೆ ನಾಲ್ಕು ನಾಲ್ಕು ಮಾತ್ರೆಯ ನಡೆ. ರ‍್ಯಾಪಿನ ಬೀಟೂ ನಾಲ್ಕರ ಎಣಿಕೆಯದೇ. ಸಾಲುಗಳಿಗೆ ಮಿತಿಯಿಲ್ಲ, ಅಂತ್ಯಪ್ರಾಸ ಉಂಟು. ರ‍್ಯಾಪನ್ನೇ ರಗಳೆ ಅನ್ನಬಹುದು.

ವಿದ್ಯಾನಗರದಿಂದ

ಸರ್, ‘ಕೆಂಡ್ರಿಕ್‌ನ ಹೊಸ ರಗಳೆ’ ಅಂತ ಹೆಡ್ಡಿಂಗ್ ಕೊಟ್ಟರೆ ನಮ್ಮಜ್ಜಿ ಯಾರ ಮನೆಯಲ್ಲಿ ಅಂತ ಕೇಳುತ್ತಾಳೆ.

ಧಾರವಾಡ, ಸಾಧನಕೇರಿಯಿಂದ

ಇದನ್ನೆಲ್ಲ ಬೇಂದ್ರೆಯವರು ಯಾವಾಗಲೋ ಮಾಡಿದ್ದಾರೆ.

ಮಾಳಮಡ್ಡಿಯಿಂದ

ಬೇಂದ್ರೆಯವರನ್ನು ಎಳೆದು ತರಬೇಡ್ರಿ. ಧಾರವಾಡದಲ್ಲಿ ಯಾವ ಮಾತು ಎತ್ತಿದರೂ ಕೊನೆಗೆ ಅಲ್ಲಿಗೇ ಬರುತ್ತದೆ. ಹುಡುಗನಿಗೆ ಬೆಳಿಗ್ಗೆ ಪುಟ ಕೊಡಬೇಕು.

ರಾಣೆಬೆನ್ನೂರಿನಿಂದ

ಡಿಟಿಪಿ ಮಾಡುವವಳಾಗಿ ಒಂದು ಮಾತು. ನೀವು ಪದದ ಬಗ್ಗೆ ಜಗಳ ಆಡುತ್ತಿದ್ದೀರಿ, ನಾಳೆ ಪುಟದಲ್ಲಿ ಕಾಡುವುದು ‘ರ‍್ಯಾಪ್’. ಸುಮ್ನೆ ರ, ವಿರಾಮ, ಯ ಒತ್ತಿದರೆ ಯೂನಿಕೋಡ್ ಅದನ್ನು ಅರ್ಕಾವತ್ತು ಮಾಡಿ ‘ರ್ಯಾಪ್’ ಅಂತ ತೋರಿಸುತ್ತದೆ, ಯ ಮುಂದೆ ಬಂದು ಅರ್ಕಾವತ್ತು ಹಿಂದೆ ನಿಲ್ಲುತ್ತದೆ. ತಪ್ಪು ಅಂತಲ್ಲ, ‘ಸೂರ್ಯ’ ಬರೆಯುವುದೂ ಹಾಗೇ. ಆದರೆ ಪದದ ಮೊದಲಿಗೇ ಹಾಗೆ ಬಂದರೆ ಹುಡುಗರು ‘ಯಾರ್ಪ್’ ಅಂತ ಓದುತ್ತಾರೆ. ರ ಒತ್ತಿದ ಮೇಲೆ ಝಡ್‌ಡಬ್ಲ್ಯುಜೆ (ಕಣ್ಣಿಗೆ ಕಾಣದ ಯೂನಿಕೋಡ್ ಚಿಹ್ನೆ) ಹಾಕಿ, ಆಮೇಲೆ ವಿರಾಮ ಮತ್ತು ಯ ಒತ್ತಿ. ಅದು ಬರುವುದಿಲ್ಲ ಅಂತ ನಿಮ್ಮ ಡಿಟಿಪಿಯವರು ಅಂದರೆ ಇಲ್ಲಿಂದಲೇ ಕಾಪಿ ಮಾಡಿಕೊಳ್ಳಲಿ. ಯೂನಿಕೋಡಿನಿಂದ ಹಳೆ ಫಾಂಟಿಗೆ ಬದಲಿಸಿದ ಮೇಲೆ ಒಂದೊಂದೇ ಕಡೆ ಕಣ್ಣಿಟ್ಟು ನೋಡಿ, ಅಲ್ಲೇ ಒಡೆದುಹೋಗುವುದು ಜಾಸ್ತಿ.

ವಿದ್ಯಾನಗರದಿಂದ

ಅಕ್ಕಾವ್ರೇ, ಇದು ಯಾರೂ ಹೇಳಿರಲಿಲ್ಲ. ಹೆಡ್ಡಿಂಗಿನಲ್ಲೇ ಅದು ಒಡೆದಿತ್ತು.

ಪುಟ ಹೀಗೆ ಕಳಿಸುತ್ತಿದ್ದೇನೆ. ಫ್ಲೋಗೆ ಚಾಲ. ಮೊದಲ ಸಲ ಬರುವಾಗ ‘ಲಾವಣಿಯವರು ಹೇಳುವ ಚಾಲ’ ಅಂತ ಬರೆದಿದ್ದೇನೆ, ಮೋಟರ್ ಚಾಲು ಅಂತ ಯಾರೂ ತಿಳಿಯಬಾರದಲ್ಲ. ಡಿಸ್‌ಗೆ ಸವಾಲು. ಡ್ರಾಪ್ ವಾಕ್ಯದಿಂದ ಆ ಕ್ರಿಯಾಪದವನ್ನೇ ತೆಗೆದೆ: ‘ಒಂದು ಮಾತೂ ಹೇಳದೆ ಕೆಂಡ್ರಿಕ್‌ನ ಆಲ್ಬಂ ಬಂದೇಬಿಟ್ಟಿತು.’ ರಿಫ್ ರಿಫ್ ಆಗಿಯೇ ಇದೆ. ಗಿಟಾರು ಗಿಟಾರಾಗಿ, ಡ್ರಮ್ ಡ್ರಮ್ ಆಗಿ ಇರುವಾಗ ಅದೊಂದಕ್ಕೆ ಏಕೆ ಕಷ್ಟ ಕೊಡಬೇಕು? ಸರ್ ಮತ್ತೆ ಗೆರೆ ಎಳೆದರೆ ತಕರಾರು ತೋರಿಸುತ್ತೇನೆ.

ಲಕ್ಷ್ಮೇಶ್ವರದ ಸರ್, ಹದವನ್ನೂ ಬಿಟ್ಟಿಲ್ಲ. ಪುಶಾ ಟಿ ಮಾತು ನಿಲ್ಲಿಸುವುದಕ್ಕೆ ಹಾಕಿಕೊಂಡಿದ್ದೇನೆ: ‘ಎಲ್ಲಿ ಸುಮ್ಮನಿರಬೇಕು ಅನ್ನುವ ಹದ ಅವನಿಗೆ ಗೊತ್ತು.’

ಲಕ್ಷ್ಮೇಶ್ವರದಿಂದ

ಅದು ಸರಿ. ಚಾಲ ತಪ್ಪು.

ಶಿಗ್ಗಾವಿಯಿಂದ

ತಪ್ಪು ಅಂತ ನಮ್ಮ ಮೇಳದವರ ಎದುರು ಹೇಳ್ರಿ ಸರ, ಜವಾಬು ಹಾಡಿನಲ್ಲೇ ಕೊಡುತ್ತಾರೆ.

ಗದಗದಿಂದ

‘ಜವಾಬು’ ಕೂಡ ಅರಬ್ಬಿ.